ಪದ ಬೇಕಿತ್ತು: ಮೇಲ್ನೋಟವೋ, ನಿಗಾವೋ, ಕಾವಲೋ?

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಫ್ಲೆಕ್ಸ್ ಪ್ರಿಂಟಿಗೆ ಹೋಗಬೇಕು. ಕಾಸರಗೋಡಿನ ಬದಿಯಡ್ಕದಲ್ಲಿ ಬೀಡಿ ಕಾರ್ಮಿಕರ ಸಭೆ. ಸಂಘ ಕಟ್ಟುವ ಹಕ್ಕನ್ನು, ಜೈಲಿನಲ್ಲಿರುವ ಕಾರ್ಮಿಕ ನಾಯಕರ ವಿಷಯವನ್ನು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ ಹೇಗೆ ನೋಡಿಕೊಳ್ಳುತ್ತದೆ ಅಂತ ಒಂದು ಮಾತುಕತೆ ಇದೆ. ಮಲಯಾಳದಲ್ಲಿ ‘ಮೇಲ್‌ನೋಟ್ಟಂ’ ಎಂದು ಬರೆದು ಕೊಟ್ಟಿದ್ದರು, ಮೇಲ್ವಿಚಾರಣೆ ಅನ್ನುವ ಅರ್ಥದಲ್ಲಿ. ಕನ್ನಡ ಮಾಡಿದವರು ಅದನ್ನೇ ‘ಅಂತರರಾಷ್ಟ್ರೀಯ ಮೇಲ್ನೋಟ’ ಮಾಡಿಬಿಟ್ಟಿದ್ದಾರೆ. ಮೇಲ್ನೋಟ ಅಂದರೆ ನಮಗೆ ಸುಮ್ನೆ ಕಣ್ಣಾಡಿಸುವುದು, ಅಲ್ವಾ? ಅರ್ಥವೇ ತಲೆಕೆಳಗಾಯಿತು.

‘ತಡಂಗಲ್’ ನೋಡಿ ‘ತಡೆಹಿಡಿದ ನಾಯಕರು’ ಎಂದೂ ಬರೆದಿದ್ದಾರೆ. ತಡೆಹಿಡಿಯುವುದು ಸಂಬಳವನ್ನು. ಅದನ್ನು ‘ಬಂಧನದಲ್ಲಿರುವ’ ಎಂದು ತಿದ್ದಿದ್ದೇನೆ. ‘ಕೈದಿ’ ಬೇಡ, ಕೆಲವರ ಮೇಲೆ ಇನ್ನೂ ತೀರ್ಪೇ ಆಗಿರುವುದಿಲ್ಲ. ಮೊದಲಿನದಕ್ಕೆ ‘ನಿಗಾ’ ಆಗಬಹುದಾ?

*

ಮಂಜೇಶ್ವರದಿಂದ:

ಆಗದು. ‘ನಿಗಾ’ ಪಾರಸಿ. ‘ಮೇಲ್ವಿಚಾರಣೆ’ ಅರ್ಧ ಸಂಸ್ಕೃತ. ನಮ್ಮಲ್ಲಿ ಒಂದು ಕನ್ನಡ ಬೋರ್ಡು ಉಳಿಸಿಕೊಳ್ಳುವುದೇ ಕಷ್ಟ. ಉಳಿದದ್ದಾದರೂ ಅಚ್ಚಕನ್ನಡದಲ್ಲಿರಲಿ. ‘ಕಣ್ಗಾವಲು’ ಬರೆಯಿರಿ. ಇದರಲ್ಲಿ ಚರ್ಚೆ ಮಾಡಲು ಏನೂ ಇಲ್ಲ.

*

ಮಾಷ್ಟ್ರೇ, ಚರ್ಚೆ ಮಾಡಲು ಇದೆ.

‘ನಿಗಾ’ ಪಾರಸಿ ಅಂತ ತೆಗೆದರೆ ಅದೇ ಸಾಲಿನ ‘ಹಕ್ಕು’ ಅರಬ್ಬಿ. ಅದನ್ನೂ ಅಳಿಸೋಣವಾ? ಹಕ್ಕು ಅನ್ನುವ ಪದ ಇಲ್ಲದೆ ಬೀಡಿ ಕಟ್ಟುವವರು ಸಭೆ ಮಾಡುವುದಾದರೂ ಹೇಗೆ? ಎಲ್ಲಿಂದ ಬಂತು ಅನ್ನುವುದಕ್ಕಿಂತ ಕೇಳಿದವರಿಗೆ ಏನು ಅನಿಸುತ್ತದೆ ಎಂಬುದೇ ನನಗೆ ಮುಖ್ಯ.

‘ಮೇಲ್ವಿಚಾರಣೆ’ ನನಗೂ ಬೇಡ, ಆದರೆ ಕಾರಣ ಬೇರೆ. ಅಮ್ಮ ತಡ್ಪೆ (ಮೊರ) ಮಡಿಲಲ್ಲಿಟ್ಟು ದಿನವಿಡೀ ಕಟ್ಟಿದ ಬೀಡಿಯನ್ನು ಬ್ರಾಂಚಿನ ಚೆಕ್ಕರ್ ಬೆರಳಲ್ಲಿ ಒತ್ತಿ ನೋಡಿ, ಒಂದು ಹಿಡಿ ತೆಗೆದು ಪಕ್ಕಕ್ಕೆ ಎಸೆಯುತ್ತಿದ್ದ. ಆ ಬೀಡಿಗೆ ಕೂಲಿ ಇಲ್ಲ. ಮೇಲ್ವಿಚಾರಣೆ ಅಂದರೆ ನಮ್ಮ ಮನೆಯಲ್ಲಿ ಅದು. ಐಎಲ್‌ಒಗೆ ಆ ಅಧಿಕಾರ ಎಲ್ಲಿದೆ? 1951ರಲ್ಲಿ ಸಂಘಟನಾ ಸ್ವಾತಂತ್ರ್ಯ ಸಮಿತಿ ಆಯಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರ ಕಡೆಯವರೂ ಅದರಲ್ಲಿದ್ದಾರೆ. ಅದು ದೂರು ಕೇಳುತ್ತದೆ, ಸರ್ಕಾರದಿಂದ ಉತ್ತರ ತರಿಸುತ್ತದೆ, ಬಂಧಿಸಿದವರನ್ನು ಬಿಡಿ ಎನ್ನುತ್ತದೆ. ಬೀಗ ತೆಗೆಯಲು ಅದರ ಕೈಯಲ್ಲಿ ಕೀಲಿಕೈ ಇಲ್ಲ. ಸಂಘ ಕಟ್ಟುವ, ಒಟ್ಟಾಗಿ ಮಾತುಕತೆ ನಡೆಸುವ ಹಕ್ಕುಗಳ ಬಗೆಗಿನ ಅದರ 87 ಮತ್ತು 98ನೇ ಒಪ್ಪಂದಗಳಿಗೆ ನಮ್ಮ ದೇಶ ಇನ್ನೂ ಸೇರಿಲ್ಲ. ಆದರೂ ನಮ್ಮ ಸಂಘದವರು ಅಲ್ಲಿಗೆ ದೂರು ಕೊಡಬಹುದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಸಭೆ ಕರೆದದ್ದೇ ಅದಕ್ಕೆ.

‘ಕಣ್ಗಾವಲು’ ಅಂದರೆ ಸಿಸಿಟಿವಿ, ಪೊಲೀಸು, ಅನುಮಾನ. ಬೆಲಾರೂಸಿನ ಕಾರ್ಮಿಕ ನಾಯಕ ಅಲೆಕ್ಸಾಂಡರ್ ಯಾರಶುಕ್ ಐಎಲ್‌ಒ ಆಡಳಿತ ಮಂಡಳಿಯ ಸದಸ್ಯರೇ ಆಗಿದ್ದರು. 2022ರ ಏಪ್ರಿಲಿನಲ್ಲಿ ಅವರನ್ನು ಹಿಡಿದರು, ಡಿಸೆಂಬರಿನಲ್ಲಿ 4 ವರ್ಷ ಶಿಕ್ಷೆ ಆಯಿತು. ಕಣ್ಗಾವಲು ಇದ್ದದ್ದು ಅವರ ಮೇಲೆ! ಅವರ ಪರವಾಗಿ ಕೂಗಿದವರ ಕೆಲಸಕ್ಕೂ ಅದೇ ಪದ ಇಡಲು ನನಗೆ ಮನಸ್ಸು ಬರುವುದಿಲ್ಲ. ‘ಹಕ್ಕುಗಳ ಮೇಲೆ ನಿಗಾ’ ಅಂದರೂ ಹಕ್ಕೇ ಕಳ್ಳ ಅನ್ನುವ ಹಾಗೆ ಕೇಳುತ್ತದೆ. ಅಲ್ಲಿ ನಿಮ್ಮ ಮಾತಿಗೆ ಅರ್ಧ ಸೋತೆ.

ಹಾಗಾಗಿ ನಿಮ್ಮ ಪದದಲ್ಲಿ ‘ಕಣ್ಣು’ ಬಿಟ್ಟು ‘ಕಾವಲು’ ಮಾತ್ರ ಇಟ್ಟುಕೊಳ್ಳುತ್ತೇನೆ. ಮಲಯಾಳದವರಿಗೂ ಅದು ‘ಕಾವಲ್’, ಓದಿದ ಕೂಡಲೇ ತಿಳಿಯುತ್ತದೆ. ಹಂದಿ ಕಾಯಲು ಗದ್ದೆಯ ಅಟ್ಟಣೆಯಲ್ಲಿ ಮಲಗುವವನ ಹತ್ತಿರ ಕೋವಿ ಇರುವುದಿಲ್ಲ. ತಗಡು ಬಡಿಯುತ್ತಾನೆ, ಸುತ್ತಲಿನ ಮನೆಯವರು ಏಳುತ್ತಾರೆ. 2023ರ ಜೂನಿನಲ್ಲಿ ಬೆಲಾರೂಸಿನ ವಿರುದ್ಧ ಐಎಲ್‌ಒ ತನ್ನ ಸಂವಿಧಾನದ 33ನೇ ವಿಧಿ ಬಳಸಿದ್ದು ಹಾಗೆಯೇ. ಬೆಲಾರೂಸಿನ ಜೊತೆಗಿನ ನಿಮ್ಮ ನಿಮ್ಮ ಸಂಬಂಧ ಮತ್ತೊಮ್ಮೆ ನೋಡಿಕೊಳ್ಳಿ ಎಂದು ಉಳಿದ ದೇಶಗಳಿಗೆ ಹೇಳಿತು. ಆ ವಿಧಿ ಬಳಸಿದ್ದು ಅದು ಎರಡನೇ ಸಲ. ಮೊದಲನೆಯದು 2000ದಲ್ಲಿ, ಮ್ಯಾನ್ಮಾರ್ ವಿರುದ್ಧ.

ಫ್ಲೆಕ್ಸಿಗೆ ಹೀಗೆ ಕೊಡುತ್ತಿದ್ದೇನೆ: ‘ಸಂಘ ಕಟ್ಟುವ ಹಕ್ಕಿಗೆ ಲೋಕದ ಕಾವಲು’. ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಬಂಧನದಲ್ಲಿರುವ ಕಾರ್ಮಿಕ ನಾಯಕರಿಗಾಗಿ ಐಎಲ್‌ಒ ಏನು ಮಾಡಬಲ್ಲದು?’ ‘ಲೋಕದ’ ಸರಿಯಾ, ‘ಜಗದ’ ಬೇಕಾ? ಪ್ರೆಸ್ಸಿನವರು ಒಂಬತ್ತಕ್ಕೆ ಬಾಗಿಲು ತೆಗೆಯುತ್ತಾರೆ. ಅದಕ್ಕೆ ಮೊದಲು ಹೇಳಿ.