ರಜೆಗೆ ಸಿನಿಮಾ: ಯಾವುದನ್ನ ಯಾರ ಜೊತೆ ಕೂತು ನೋಡೋದು?

ಪ್ರಶ್ನೆ: ರಜೆಗೆ ಮೈಸೂರಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಮನೇಲಿ ಹನ್ನೆರಡು ವರ್ಷದ ಮಗ ಇದ್ದಾನೆ. ಟೀವಿಯಲ್ಲಿ ನೋಡೋಕೆ ಈಚಿನ ಕನ್ನಡ ಸಿನಿಮಾ ಹೇಳಿ. ಒಂದೊಂದಕ್ಕೆ ಎರಡು ಮಾತು ಸಾಕು, ಕೊನೆ ಬಿಚ್ಚಬೇಡಿ.

ಉತ್ತರಗಳು (ಬೇರೆ ಬೇರೆಯವರದು):

* ಎಲ್ಲರೂ ಒಟ್ಟಿಗೆ ಅಂದ್ರೆ ‘ಡೇರ್‌ಡೆವಿಲ್ ಮುಸ್ತಾಫಾ’ (2023). ಪೂರ್ಣಚಂದ್ರ ತೇಜಸ್ವಿ ಕಥೆ. ಹಿಂದೂ ಹುಡುಗರೇ ಇರೋ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರ್ತಾನೆ. ಕ್ರಿಕೆಟ್ ಮ್ಯಾಚನ್ನ ಎಳೆದಿದ್ದಾರೆ ನಿಜ, ಆದ್ರೆ ನಿಮ್ಮ ಮಗ ಮೇಲೇಳದೆ ನೋಡೋದು ಅದನ್ನೇ. ಮಾರನೇ ದಿನ ‘ಸು ಫ್ರಮ್ ಸೋ’ (2025) ಹಾಕಿ. ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ದೆವ್ವವಾಗಿ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬೋದು, ಅಷ್ಟೇ ಕಥೆ. ಗುಂಪಲ್ಲಿ ನೋಡಿದ್ರೇ ನಗು. ಒಬ್ಬರೇ ಕೂತು ನೋಡಿದ್ರೆ ಅರ್ಧ ಮಜಾ ಹೋಯ್ತು.

* ‘ಸು ಫ್ರಮ್ ಸೋ’ಗೆ ಒಂದು ಎಚ್ಚರಿಕೆ. ಕರಾವಳಿ ಕನ್ನಡ, ಮಾತೂ ಬಿರುಸು, ಒಬ್ಬರ ಮೇಲೆ ಒಬ್ಬರು ಮಾತಾಡ್ತಾರೆ. ಮೈಸೂರು ಕಡೆಯ ಹಿರಿಯರಿಗೆ ಮೊದಲ ಹತ್ತು ನಿಮಿಷ ಕಿವಿ ಹೊಂದೋದಿಲ್ಲ. ಸಬ್‌ಟೈಟಲ್ ಹಾಕಿ. ಮಾತು ಸಣ್ಣಗೆ, ಹಾಡು ಜೋರಾಗಿ ಕೇಳ್ತಿದ್ರೆ ವಾಲ್ಯೂಮ್ ಏರಿಸೋದ್ರಿಂದ ಉಪಯೋಗವಿಲ್ಲ. ಆ್ಯಪ್‌ನ ಆಡಿಯೊದಲ್ಲಿ 5.1 (ಆರು ಸ್ಪೀಕರಿಗೆ ಹಂಚಿದ ಸದ್ದು) ಇದ್ರೆ ಸ್ಟೀರಿಯೊ (ಎರಡೇ ಸ್ಪೀಕರಿನದು) ಮಾಡಿ. 5.1ರಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆ ಹೋಗುತ್ತೆ, ಟೀವಿಗೆ ಆ ಸ್ಪೀಕರೇ ಇರಲ್ಲ. ಆಮೇಲೂ ಸರಿಹೋಗದಿದ್ರೆ ಟೀವಿಯ ಸೌಂಡ್ ಮೋಡ್‌ನಲ್ಲಿ ಮಾತು ಎತ್ತಿ ಕೇಳಿಸೋ ಆಯ್ಕೆ ಹುಡುಕಿ.

* ‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗ, ಎರಡೂ 2023ರವು. ಸೈಡ್ ಎ ನೋಡದೆ ಸೈಡ್ ಬಿ ಹಾಕಿದ್ರೆ ನಾಯಕ ಮನು ಒಂದು ಕ್ಯಾಸೆಟ್ಟನ್ನ ಯಾಕೆ ಹಾಗೆ ಹಿಡ್ಕೊಂಡಿದ್ದಾನೆ ಅಂತಲೇ ಗೊತ್ತಾಗಲ್ಲ. ಒಂದೇ ರಾತ್ರಿ ಎರಡೂ ಬೇಡ, ಐದು ತಾಸಿನ ಹತ್ತಿರ ಆಗುತ್ತೆ. ಎ ಪೂರ್ತಿ ನೀಲಿ, ಬಿ ಕೆಂಪು. ಟೀವಿ ‘ವಿವಿಡ್’ ಮೋಡ್‌ನಲ್ಲಿದ್ರೆ ಆ ಬಣ್ಣ ಕೆಡುತ್ತೆ, ‘ಸಿನಿಮಾ’ ಮೋಡ್‌ಗೆ ತನ್ನಿ. ನನ್ನ ಲೆಕ್ಕಕ್ಕೆ ಎ ಗಟ್ಟಿ, ಬಿ ಜಾಳು.

* ಬಿ ಜಾಳಲ್ಲ ಸಾರ್, ನಿಧಾನ. ಅದಿರಲಿ, ‘ಈಚಿನ’ ಅಂತ ಹಟ ಹಿಡಿದು ‘ತಿಥಿ’ ಬಿಡಬೇಡಿ. 2016ರಲ್ಲಿ ತೆರೆಗೆ ಬಂತು. ನೂರೊಂದು ವರ್ಷದ ಸೆಂಚುರಿ ಗೌಡ ಸಾಯ್ತಾನೆ. ಸಾವಿನಿಂದ ಹನ್ನೊಂದನೇ ದಿನದ ಊಟದವರೆಗೆ ಕಥೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರೋ ಚಿಂತೆ, ಮಗ ಗಡ್ಡಪ್ಪನಿಗೆ ಬ್ರಾಂದಿ ಹಿಡ್ಕೊಂಡು ಅಲೆಯೋದೊಂದೇ ಕೆಲಸ. ಅಭಿನಯಿಸಿದವರು ಮಂಡ್ಯ ಸೀಮೆಯ ಹಳ್ಳಿಯವರೇ. ಹಿನ್ನೆಲೆ ಸಂಗೀತ ಬಡಿದೆಬ್ಬಿಸಲ್ಲ, ಅದಕ್ಕೇ ಕೆಲವರು ಅರ್ಧಕ್ಕೆ ಮೊಬೈಲ್ ತೆಗೀತಾರೆ. ಮೊದಲೇ ಮೊಬೈಲ್ ಆಚೆ ಇಡಿಸಿ. ಬೈಗುಳ ಧಾರಾಳ, ಮಗ ಮಲಗಿದ ಮೇಲೆ ನೋಡೋದು ಲೇಸು.

* ‘ಗರುಡ ಗಮನ ವೃಷಭ ವಾಹನ’ (2021) ಚೆನ್ನಾಗಿದೆ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಚೆನ್ನಾಗೂ ಇದೆ. ಕೊಲೆ ಮಾಡಿ ಬಂದ ರೌಡಿ ಶಿವ ಮಳೆಯಲ್ಲಿ ಕುಣಿಯೋವಾಗ ‘ಸೋಜುಗಾದ ಸೂಜುಮಲ್ಲಿಗೆ’ ಕೇಳುತ್ತೆ, ಮೈ ಜುಮ್ಮೆನ್ನುತ್ತೆ. ಆದ್ರೆ ಮಗನ ಮುಂದೆ ಖಂಡಿತ ಬೇಡ. ಅಪ್ಪನಿಗೆ ಪತ್ತೇದಾರಿ ಥರದ್ದು ಬೇಕಿದ್ರೆ ‘ಶಾಖಾಹಾರಿ’ (2024) ಇದೆ. ಮಲೆನಾಡಿನ ಒಂದು ಹೋಟೆಲು, ಅಡುಗೆಯವನಾಗಿ ರಂಗಾಯಣ ರಘು. ಊಟ ಮುಗಿಸಿಕೊಂಡೇ ಕೂತ್ಕೊಳ್ಳಿ.