ಎಂಡೋಮೆಂಟ್: ದತ್ತಿಯೋ, ಇಡುಗಂಟೋ?

ಎಲ್ಲರಿಗೂ ನಮಸ್ಕಾರ.

ಓದಿಗೆ ಸಿಗುವ ನೆರವಿನ ಕೆಲವು ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುತ್ತಾ ಸಿಕ್ಕಿಹಾಕಿಕೊಂಡಿದ್ದೇನೆ, ಬಿಡಿಸಿ. ತೀರ್ಥಹಳ್ಳಿ ಹತ್ತಿರ ನಮ್ಮ ಪಕ್ಕದ ಮನೆ ಹುಡುಗಿಗೆ ಎಂಎಸ್ಸಿ ಓದಲು ಹೊರದೇಶದ ಟ್ರಸ್ಟೊಂದು ದುಡ್ಡು ಕೊಡುತ್ತಿದೆ. ಬಂದ ಕಾಗದ ಇಂಗ್ಲಿಷಿನಲ್ಲಿತ್ತು, ದುಡ್ಡು ‘ಎಂಡೋಮೆಂಟ್’ನಿಂದ ಬರುತ್ತದೆ ಅಂತ ಅದರಲ್ಲಿತ್ತು, ಅಜ್ಜಯ್ಯನಿಗೆ ಕನ್ನಡದಲ್ಲಿ ಹೇಳಿ ಅಂತ ನನ್ನನ್ನು ಕರೆದರು. ‘ದತ್ತಿಯ ದುಡ್ಡು ಅಜ್ಜಯ್ಯ’ ಅಂದೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದವರು ಕೈ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿ, ‘ಎಂಥಾ, ಕೂಸನ್ನ ದತ್ತು ತಗೊಳ್ತಾರಾ?’ ಅಂದರು.

ನಕ್ಕೆವು. ಆದರೆ ಅವರು ಹೇಳಿದ್ದು ಪೂರ್ತಿ ತಪ್ಪೇನಲ್ಲ. ದತ್ತಿ, ದತ್ತು ಎರಡೂ ಸಂಸ್ಕೃತದ ‘ದತ್ತ’ದಿಂದ ಬಂದವು, ಅಂದರೆ ಕೊಟ್ಟಿದ್ದು. ಶಾಸನಗಳಲ್ಲಿ ದತ್ತಿ ಅಂದರೆ ಹೆಚ್ಚಾಗಿ ಗುಡಿಗೋ ಮಠಕ್ಕೋ ಬಿಟ್ಟ ಭೂಮಿ. ನಮ್ಮ ಶಿಕಾರಿಪುರದ ಬಳ್ಳಿಗಾವಿಯ ಕೋಡಿಮಠವನ್ನೇ ನೋಡಿ. 1162ರ ಶಾಸನದಲ್ಲಿ ಅದು ವೇದ, ವ್ಯಾಕರಣ, ದರ್ಶನ ಓದುವ ಜಾಗ, ಬಡವರಿಗೆ ಊಟ ಹಾಕುವ ಜಾಗ, ರೋಗಿಗಳಿಗೆ ಔಷಧ ಕೊಡುವ ಜಾಗ. ಇಂಥ ಕಡೆಗೆಲ್ಲ ಬಿಟ್ಟ ಗದ್ದೆ ಮಾರುವಂತಿಲ್ಲ, ಅದರ ಹುಟ್ಟುವಳಿಯಲ್ಲಿ ಖರ್ಚು ನಡೆಯಬೇಕು. ಎಂಡೋಮೆಂಟ್ ಅಂದರೂ ಅದೇ ಅಲ್ವಾ? 2000ದಲ್ಲಿ ಗೇಟ್ಸ್ ಪ್ರತಿಷ್ಠಾನ ಕೇಂಬ್ರಿಡ್ಜಿಗೆ 21 ಕೋಟಿ ಡಾಲರ್ ಕೊಟ್ಟಿತು. ಗದ್ದೆಯ ಬದಲು ಡಾಲರು, ಅಷ್ಟೇ ವ್ಯತ್ಯಾಸ. ಅಸಲು ಹಾಗೇ ಇಟ್ಟು, ಅದು ದುಡಿದು ತಂದಿದ್ದರಲ್ಲಿ ಬೇರೆ ಬೇರೆ ದೇಶದ ಹುಡುಗರನ್ನು ಓದಿಸುವುದು.

ಹಾಗಾಗಿ ದತ್ತಿ ಸರಿಯಾದ ಪದವೇ. ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸದಲ್ಲೂ ಇದೇ ಅರ್ಥ. ಆದರೆ ಊರಲ್ಲಿ ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಮುಜರಾಯಿ. ಗೆಳೆಯರೊಬ್ಬರು ‘ಇಡುಗಂಟು’ ಅನ್ನಿ ಅಂದರು. ಇಟ್ಟ ಗಂಟು, ಚೆನ್ನಾಗಿದೆ. ತೊಡಕು ಏನೆಂದರೆ ನಿವೃತ್ತಿಯಾದಾಗ ಒಟ್ಟಿಗೆ ಬರುವ ದುಡ್ಡಿಗೆ ಇಡಿಗಂಟು ಅನ್ನುತ್ತಾರೆ, ಪೇಪರಿನವರು ಎರಡನ್ನೂ ಕಲಸಿ ಇಡಗಂಟು ಮಾಡಿಬಿಟ್ಟಿದ್ದಾರೆ. ಒಂದು ಇಟ್ಟುಕೊಳ್ಳುವ ಗಂಟು, ಇನ್ನೊಂದು ಇಡಿಯಾಗಿ ಕೈಗೆ ಬರುವ ಗಂಟು. ಉಲ್ಟಾ ಅರ್ಥ!

ಇದಕ್ಕಿಂತ ಜಾಸ್ತಿ ತಲೆ ತಿಂದಿದ್ದು ‘ವಿದ್ಯಾರ್ಥಿವೇತನ’. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಹೊರದೇಶದ ಓದಿಗೆ ದುಡ್ಡು ಕೊಡುತ್ತಿದೆ. ಆದರೆ ಅದು ಲೋನ್ ಸ್ಕಾಲರ್‌ಶಿಪ್, ಓದು ಮುಗಿದ ಮೇಲೆ ತೀರಿಸಬೇಕು. ಕಾಲೇಜಿನ ಬೋರ್ಡಿಗೆ ಹಾಕುವ ಹಾಳೆಯಲ್ಲಿ ನಾನು ಸುಮ್ನೆ ವಿದ್ಯಾರ್ಥಿವೇತನ ಅಂತ ಬರೆದುಬಿಟ್ಟೆ. ಒಬ್ಬ ಹುಡುಗನ ಅಪ್ಪ ಬಂದು ‘ವೇತನ ಅಂದಮೇಲೆ ವಾಪಸ್ ಯಾಕೆ ಸಾರ್, ನೀವು ನಿಮ್ಮ ಸಂಬಳ ವಾಪಸ್ ಕೊಡ್ತೀರಾ?’ ಅಂತ ಕೇಳಿದರು. ಉತ್ತರ ಇರಲಿಲ್ಲ. ‘ಶೈಕ್ಷಣಿಕ ಸಾಲ’ ಅಂದರೆ ಬ್ಯಾಂಕಿನದು ಅಂದುಕೊಳ್ಳುತ್ತಾರೆ. ‘ಮರಳಿಸುವ ವಿದ್ಯಾರ್ಥಿವೇತನ’ ಅಂದರೆ ನನಗೇ ನಗು ಬರುತ್ತದೆ.

‘ವಿದ್ಯಾರ್ಥಿ ವಿನಿಮಯ’ಕ್ಕೆ ಮಾತ್ರ ನನ್ನ ಹತ್ತಿರ ಒಂದು ಪದ ಇದೆ, ಬೈಯಬೇಡಿ. ಮುಯ್ಯಾಳು! ನಾಟಿ ಹೊತ್ತಲ್ಲಿ ಇವತ್ತು ನಮ್ಮ ಮನೆಯಿಂದ ಒಬ್ಬರು ನಿಮ್ಮ ಗದ್ದೆಗೆ, ನಾಳೆ ನಿಮ್ಮವರು ನಮ್ಮ ಗದ್ದೆಗೆ, ಕೂಲಿಯ ಮಾತಿಲ್ಲ. ಎಕ್ಸ್‌ಚೇಂಜ್ ಸಾಮಾನ್ಯವಾಗಿ ನಡೆಯುವುದೂ ಹೀಗೇ. ಹುಡುಗ ತನ್ನ ವಿಶ್ವವಿದ್ಯಾಲಯಕ್ಕೇ ಫೀಸು ಕಟ್ಟುತ್ತಾನೆ, ಆ ಕಡೆಯವರು ಬೋಧನಾ ಶುಲ್ಕ ಕೇಳುವುದಿಲ್ಲ, ಅಲ್ಲಿಂದ ಬಂದವನಿಗೆ ಇವರೂ ಕೇಳುವುದಿಲ್ಲ. ಆಳಿಗೆ ಆಳು. ಒಂದೇ ವ್ಯತ್ಯಾಸ, ಮುಯ್ಯಾಳಿಗೆ ಗದ್ದೆಯವರ ಮನೆಯಲ್ಲೇ ಊಟ. ಇಲ್ಲಿ ಊಟ, ರೂಮು, ವಿಮಾನದ ಖರ್ಚು ಹುಡುಗನ ತಲೆಮೇಲೆ, ಅದಕ್ಕೇ ದಾನಿಗಳು ಬೇಕು.

‘ಸಂಶೋಧನಾ ಸಹಭಾಗಿತ್ವ’ ಬಾಯಲ್ಲಿ ತಿರುಗದಿದ್ದರೂ ಅದರ ಕೆಲಸ ನಮ್ಮ ಕಾಡಿನವರೆಗೂ ಬಂದಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದು, ಜನಕ್ಕೆ ಜ್ವರ ಬಂದಾಗ ವೈರಸ್ ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಅದು 1952ರಲ್ಲಿ ಶುರುವಾಗಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಜೊತೆಗೂಡಿದ್ದರಿಂದ. ಮಂಗನ ಕಾಯಿಲೆಗೆ ಆಡುಮಾತಿನ ಹೆಸರಿದೆ, ಅದನ್ನು ಕಂಡುಹಿಡಿದ ಏರ್ಪಾಡಿಗೆ ಇಲ್ಲ. ‘ಕೂಡುಗೆಲಸ’ ಅಂದರೆ ಆಗುತ್ತದಾ?

ಅಂದಹಾಗೆ, ಅಜ್ಜಯ್ಯನಿಗೆ ಎಲ್ಲ ವಿವರಿಸಿದ ಮೇಲೆ ಅವರು ‘ಓ, ನಮ್ಮ ಕಾಲದ ವಾರಾನ್ನ’ ಅಂದು ಮತ್ತೆ ಸುಲಿಯಲು ಕೂತರು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರು ಅವರು.

ನನಗೆ ತುರ್ತಾಗಿ ಬೇಕಿರುವುದು ಎರಡು ಪದ: ಅಸಲು ಮುಟ್ಟದ ಎಂಡೋಮೆಂಟಿಗೆ ಒಂದು, ತೀರಿಸಬೇಕಾದ ಸ್ಕಾಲರ್‌ಶಿಪ್ಪಿಗೆ ಒಂದು. ಭಾನುವಾರದೊಳಗೆ ಹೇಳಿದರೆ ಸೋಮವಾರ ಬೋರ್ಡಿನ ಹಾಳೆ ತಿದ್ದಿ ಅಂಟಿಸುತ್ತೇನೆ.