ಶಾವಂತಿಗಿಗೆ ಬಲ್ಬ್ ಹಚ್ಚೂ ಜಗಳ
(ವಾಟ್ಸಾಪ್ ಗುಂಪು: ನಮ್ಮ ಮನಿ ಮಂದಿ, ಬಿಜಾಪುರ)

ರಾಜು ಮಾಮಾ: [ಹಲವು ಬಾರಿ ಫಾರ್ವರ್ಡ್ ಆಗಿದೆ] 🌼🌼 ಸೇವಂತಿಗೆ ಪ್ರಿಯರೇ ಗಮನಿಸಿ!! ಗಿಡದ ಮೇಲೆ ರಾತ್ರಿಯಿಡೀ ಎಲ್‌ಇಡಿ ಬಲ್ಬ್ ಉರಿಸಿ. ಬುಡಕ್ಕೆ ಎರಡು ದೊಡ್ಡ ಚಮಚ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಹಾಕಿ. 15 ದಿನದಲ್ಲಿ ಗಿಡದ ತುಂಬಾ ಮೊಗ್ಗು! ಹಾಲೆಂಡ್ ರೈತರ ಗುಟ್ಟು! ಹತ್ತು ಜನರಿಗೆ ಕಳಿಸಿ 🙏

ರಾಜು ಮಾಮಾ: ಶಾರದಕ್ಕಾ, ನೋಡಿಲ್ಲೆ. ದೀಪಾವಳಿ ಬಂತು, ಮೊಗ್ಗಿಲ್ಲ ಅಂತಿದ್ದಿ.

ಶಾರದಾ ಅತ್ತಿ: ಅಯ್ಯ ಹೌದೇನೊ! ಇವತ್ತ ವೈರ್ ಎಳಸ್ತೀನಿ.

ವಿನಾಯಕ: ಮಾಮಾ, ಇದರ ಮೂಲ ಯಾವುದು?

ರಾಜು ಮಾಮಾ: ಹಾಲೆಂಡ್ ಅಂತ ಬರದಾರಲ್ಲೊ.

ವಿನಾಯಕ: ಹಾಲೆಂಡ್ ದೇಶ ರೀ ಮಾಮಾ. ಹೇಳಿದಾಂವ ಯಾರು?

ಬಸವರಾಜ ದೊಡ್ಡಪ್ಪ: ಹಿರ್ಯಾರು ಒಂದ್ ಒಳ್ಳೇ ವಿಷಯ ಕಳಿಸಿದ್ರ ಹಿಂಗ ವಕೀಲರಂಗ ಕೇಳಬಾರದು. ನಾಲ್ಕ ಪುಸ್ತಕ ಓದಿದ್ರ ನಡತಿ ಬರಂಗಿಲ್ಲ. 🙏

ಸುನಂದಾ ಚಿಗವ್ವ: ಶಾರದಾ, ಬಲ್ಬ್ ಹಚ್ಚಬ್ಯಾಡ! ಅದು ಪೂರಾ ಉಲ್ಟಾ ಐತಿ. ಶಾವಂತಿಗಿ ಮೊಗ್ಗ ಹಿಡಿಯೂದು ರಾತ್ರಿ ಉದ್ದ ಆದಾಗ, ಅದೂ ನಡುವ ಬೆಳಕು ಬೀಳದಿದ್ರ. ಪಾಲಿಹೌಸಿನ್ಯಾಗ, ಅಂದ್ರ ಹೂ ಬೆಳಿಯೂ ಪ್ಲಾಸ್ಟಿಕ್ ಹಾಳಿ ಮನ್ಯಾಗ, ರಾತ್ರಿ 10ರಿಂದ 2ರ ತನಕ ಬಲ್ಬ್ ಹಚ್ಚೂದು ಖರೆ. ಆದ್ರ ಅದು ಹೂ ತಡಾ ಆಗ್ಲಿ, ಗಿಡಾ ಎತ್ತರ ಬೆಳೀಲಿ ಅಂತ. ಬೇಕಾದಷ್ಟ ಬೆಳದ ಮ್ಯಾಲ ಬಲ್ಬ್ ಬಂದ್ ಮಾಡ್ತಾರ, ಹಗಲು ದೊಡ್ಡದಿದ್ರ ಸಂಜೀಕ ಕರಿ ಬಟ್ಟಿ ಹೊಚ್ಚತಾರ. ಬರದಾಂವ ಅರ್ಧಾ ಓದಿ ಬರದಾನ.

ರಾಜು ಮಾಮಾ: ನಾ ಏನ್ ಕಳಿಸಿದ್ರೂ ನಿಮಗ ಉಲ್ಟಾನ ಕಾಣತೈತಿ.

ವಿನಾಯಕ: ಹೋದ ವರ್ಷ ಉಳ್ಳಾಗಡ್ಡಿ ಸಿಪ್ಪಿ ಮೆಸೇಜ್ ಯಾರ್ ಕಳಿಸಿದ್ರು? ಸುಮ್ನ ಕೇಳಿದೆ.

ಪ್ರವೀಣ (ಪುಣೆ): ಅಜ್ಜಿ ಕಟ್ಟೂ ಶಾವಂತಿಗಿ ದಂಡಿ ನೆನಪೈತೇನ್ರೀ? ನಡುನಡುವ ಮರುಗ ಇಟ್ಟು... ಪಡಸಾಲ್ಯಾಗ ಕಾಲ್ ಇಡಾಕ ಜಾಗ ಇರತಿರಲಿಲ್ಲ 😢

ಗೀತಾ: ಹೌದೊ, ಹಳದಿ ಶಾವಂತಿಗಿ! ಈಗಿನ ಹೂವಿಗೆ ಆ ವಾಸನಿ ಎಲ್ಲೈತಿ.

ಶಾರದಾ ಅತ್ತಿ: ನನ್ನ ಗಿಡಕ್ಕ ಯಾರೂ ಬಲ್ಬ್ ಹಚ್ಚಿಲ್ಲಲ್ಲ ಸುನಂದಾ, ಮತ್ತ್ಯಾಕ ಮೊಗ್ಗಿಲ್ಲ?

ಸುನಂದಾ ಚಿಗವ್ವ: ನಿನ್ನ ಕುಂಡ ಬೀದಿ ದೀಪದ ಕಂಬದ ಬುಡಕ್ಕೈತಿ. ರಾತ್ರಿಯೆಲ್ಲಾ ಬೆಳಕು. ಅದ ಗಿಡದ ಮರಿ ನಿನ್ನ ಹಿತ್ತಲದಾಗ ಬಚ್ಚಲ ಗ್ವಾಡಿ ಹಿಂದ ಐತಿ, ಹೋಗಿ ನೋಡು, ಪ್ರತಿ ಕುಡಿಗೂ ಮೆಣಸಿನ ಕಾಳಿನಷ್ಟ ಮೊಗ್ಗ ಅದಾವ.

ಶಾರದಾ ಅತ್ತಿ: ಕಂಬದ ಕೆಳಗ ಇಡು ಅಂದಾಂವ ರಾಜೂನ!

ರಾಜು ಮಾಮಾ: ಗಾಡಿ ತಿರಗಾಕ ಜಾಗ ಬಿಡು ಅಂದೆ. ಕಂಬದ ಕೆಳಗ ಇಡು ಅಂದಿಲ್ಲ.

ಬಸವರಾಜ ದೊಡ್ಡಪ್ಪ: ತಾಳ್ಮಿ ಬೇಕು. ನಾ ಅಂತೂ ವಾರಕ್ಕೊಮ್ಮೆ ಕುಡಿ ಚೂಟು ಅಂತ ಶಾರದಾಗ ಹೇಳೀನಿ. ಆಕಿ ತಪ್ಪದ ಚೂಟ್ಯಾಳ.

ಸುನಂದಾ ಚಿಗವ್ವ: ಇನ್ನೂ ಚೂಟಾಕತ್ತಾಳೇನ್ರಿ ಮಾವಾರ? ನೆಟ್ಟ ತಿಂಗಳಿಗೆ, ಗಿಡಾ ಗೇಣುದ್ದ ಆದಾಗ, ಬರೇ ತುದೀದು ಅರ್ಧಾ ಇಂಚು ಚೂಟಬೇಕು. ಹೊಸಾ ಟೊಂಗಿ ಗೇಣುದ್ದ ಬಂದಾಗ ಮತ್ತೊಮ್ಮೆ. ಗಣಪತಿ ಹಬ್ಬ ಆದ ಮ್ಯಾಲ ಚೂಟಿದ್ರ ಮೊಗ್ಗ ಬರೂ ಕುಡೀನ ಕಿತ್ತಂಗ.

ವಿನಾಯಕ: ಅಂದ್ರ ಎರಡು ಕಾರಣ. ಒಂದು ರಾಜು ಮಾಮಾ, ಇನ್ನೊಂದು... 🤐

ಬಸವರಾಜ ದೊಡ್ಡಪ್ಪ: ವಿನಾಯಕ, ನಿಮ್ಮ ಅಪ್ಪಗ ಫೋನ್ ಮಾಡ್ತೀನಿ.

ಗೀತಾ: ಎಪ್ಸಮ್ ಉಪ್ಪಾದ್ರೂ ಹಾಕಬಹುದಲ್ರೀ ಚಿಗವ್ವಾ? ನನ್ನ ಗಿಡದ ಎಲಿ ಹಳದಿ ಆಗ್ಯಾವ. ನಾ ಆಗಲೇ ಅರ್ಧಾ ಕಿಲೋ ತರಿಸೀನಿ.

ಸುನಂದಾ ಚಿಗವ್ವ: ಯಾವ ಎಲಿ ಅಂತ ಮೊದಲ ನೋಡು. ಕೆಳಗಿನ ಹಳೀ ಎಲಿ ನರ ಹಸರ ಉಳದು ನಡುವ ಹಳದಿ ಆದ್ರ ಮೆಗ್ನೀಸಿಯಂ ಕಡಿಮಿ. ಆಗ ಒಂದ್ ಲೀಟರ್ ನೀರಿಗೆ ಒಂದ್ ಸಣ್ಣ ಚಮಚಾ ಎಪ್ಸಮ್, ಒಮ್ಮೆ ಸಾಕು. ಎರಡು ದೊಡ್ಡ ಚಮಚಾ ಹಂಗ ಬುಡಕ್ಕ ಸುರುವಿದ್ರ ಬೇರು ಸುಡತಾವ. ತುದಿ ಎಲಿ ಹಂಗ ಆದ್ರ ಕಬ್ಬಿಣದ ಕೊರತಿ. ನಮ್ಮ ಸುಣ್ಣದ ಅಂಶ ಇರೂ ಎರಿ ಮಣ್ಣಿನ್ಯಾಗ ಅದ ಜಾಸ್ತಿ, ಅದಕ್ಕ ಎಪ್ಸಮ್ ಏನೂ ಮಾಡಂಗಿಲ್ಲ. ಮಣ್ಣ ಹಸೀ ಇದ್ದೂ ಗಿಡಾ ಬಾಡಿದ್ರ ಬೇರು ಕೊಳತಾವ ಅಂತ ತಿಳಿ.

ಗೀತಾ: ಮಣ್ಣ ಹಸೀನ ಐತಿ. ದಿನಾ ಎರಡ ಸಲ ನೀರ್ ಹಾಕ್ತೀನಿ.

ಸುನಂದಾ ಚಿಗವ್ವ: ಮತ್ತ! ಕೈ ಬೆರಳು ಮಣ್ಣಿನ್ಯಾಗ ಒಂದ್ ಇಂಚು ಒಳಗಿಟ್ಟು ಒಣಾ ಹತ್ತಿದ್ರ ಅಷ್ಟ ಹಾಕು. ಮುಂದಿನ ಸಲ ಒಂದ ಪಾಲು ಕೆಂಪ ಮಣ್ಣು, ಒಂದ ಪಾಲು ಉಸುಕು, ಒಂದ ಪಾಲು ಹಳೀ ತಿಪ್ಪಿ ಗೊಬ್ಬರ. ಬರೇ ಎರಿ ಮಣ್ಣ ತುಂಬಬ್ಯಾಡ.

ಪ್ರವೀಣ (ಪುಣೆ): ಎರಿ ಮಣ್ಣಿನ ಜ್ವಾಳದ ರೊಟ್ಟಿ... ಇಲ್ಲಿ ಸಿಗಂಗಿಲ್ಲ ಬಿಡ್ರಿ.

ವಿನಾಯಕ: ಪ್ರವೀಣಣ್ಣಾ, ವಿಷಯ ಹೂವಿನದು.

ಶಾರದಾ ಅತ್ತಿ: ಸುನಂದಾ, ಈಗ ಕುಂಡ ಹಿತ್ತಲಕ್ಕ ಸರಿಸಿದ್ರ ದೀಪಾವಳಿಗೆ ಹೂ ಬರತಾವೇನ?

ಸುನಂದಾ ಚಿಗವ್ವ: ಇಲ್ಲ. ಮೊಗ್ಗ ಕಾಣಾಕ 3–4 ವಾರ, ಅರಳಾಕ ಎಲ್ಲಾ ಸೇರಿ 8–10 ವಾರ. ಎಳ್ಳ ಅಮಾಸಿ ಹೊತ್ತಿಗೆ ಬಂದಾವು. ಹಗಲು 6 ತಾಸರೆ ಬಿಸಲು ಬೀಳಬೇಕು. ಕುಡಿಗೆ ಕರಿ ಹೇನು ಹತ್ತಿದ್ರ ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣಿ, ನಾಲ್ಕ ಹನಿ ಸೋಪಿನ ನೀರು ಕಲಿಸಿ ಸಂಜೀಕ ಹೊಡಿ, ಬಿಸಲಾಗ ಹೊಡೀಬ್ಯಾಡ.

ರಾಜು ಮಾಮಾ: ಅಂದ್ರ ದೀಪಾವಳಿಗೆ ಪ್ಯಾಟ್ಯಾಗಿನ ಹೂವ ಗತಿ. ಇಷ್ಟಕ್ಕ ಇಷ್ಟ ಮಾತು.

ಗೀತಾ: ಚಿಗವ್ವಾ, ಹೂ ಮುಗದ ಮ್ಯಾಲ ನನಗೊಂದ್ ಮರಿ ಕೊಡ್ರಿ.

ಸುನಂದಾ ಚಿಗವ್ವ: ಕೊಡ್ತೀನಿ. ಗಿಡಾ ನಾಲ್ಕ ಇಂಚಿಗೆ ಕತ್ತರಿಸಿದ್ರ ಬುಡದಾಗ ಮರಿ ಏಳತಾವ. ಕುಂಡ ನೀನ ತಗೊಂಡ ಬಾ. ಹೋದ ಸಲ ಕೊಟ್ಟ ಸಿಮೆಂಟ್ ಕುಂಡ ಇನ್ನೂ ವಾಪಸ್ ಬಂದಿಲ್ಲ.

ಗೀತಾ: ಅದು ಶಾರದಾ ಅತ್ತಿ ಕಡೆ ಐತ್ರಿ.

ಶಾರದಾ ಅತ್ತಿ: ನನ್ನ ಕಡೆ ಇರೂದು ನಂದ ಕುಂಡ. ಅಂಚು ಒಡದದ್ದು ನಿಂದು.